ಬೇಸಿಗೆ ರಜೆಯ ಓದು: ಜೂನ್‌ನಲ್ಲಿ ತರಗತಿಗೆ ಇಳಿಯುವಂಥ ಪುಸ್ತಕ ಯಾವುವು?

ಸಿಆರ್‌ಪಿ_ಕಲ್ಪತರು

ನಮ್ಮ ಕ್ಲಸ್ಟರ್‌ನ (ಅಕ್ಕಪಕ್ಕದ ಶಾಲೆಗಳ ಗುಂಪಿನ) ಶಿಕ್ಷಕರಿಗೆ ರಜೆಯ ಓದಿನ ಪಟ್ಟಿ ಮಾಡಬೇಕಿದೆ. ಹೆಚ್ಚಿನವರು ಒಂದರಿಂದ ಏಳರವರೆಗೆ ಪಾಠ ಮಾಡುವವರು, ಕೆಲವರು ಪ್ರೌಢಶಾಲೆಯವರು. ಇಂಗ್ಲಿಷ್ ಪುಸ್ತಕ ಸಲೀಸಾಗಿ ಓದುವವರು ಕಡಿಮೆ. ಪ್ರೌಢಶಾಲೆಯವರಿಗೆ ಏಪ್ರಿಲ್ ಎಲ್ಲಾ ಎಸ್ಸೆಸ್ಸೆಲ್ಸಿ ಮೌಲ್ಯಮಾಪನದಲ್ಲೇ ಹೋಗುತ್ತದೆ, ಕೈಗೆ ಸಿಗುವುದು ಮೇ ತಿಂಗಳು ಮಾತ್ರ. ವ್ಯಕ್ತಿತ್ವ ವಿಕಸನದ ಪುಸ್ತಕಗಳು, "ಆದರ್ಶ ಶಿಕ್ಷಕ" ಮಾದರಿಯ ಭಾಷಣ ಸಂಗ್ರಹಗಳು ಬೇಡ. ಓದಿದ್ದರಿಂದ ಜೂನ್ ತಿಂಗಳಲ್ಲೇ ತರಗತಿಯಲ್ಲಿ ಏನಾದರೂ ಬದಲಾಗಬೇಕು. ನಾಲ್ಕೈದು ಹೆಸರು ಸಾಕು. ಹೆಸರಿನ ಜೊತೆಗೆ ಅದನ್ನು ಹೇಗೆ ಓದಬೇಕು, ಎಲ್ಲಿ ಎಡವುತ್ತಾರೆ ಅನ್ನುವುದನ್ನೂ ಬರೆಯಿರಿ.

ಓದುಮನೆ

ಮೊದಲ ಹೆಸರು ಗಿಜುಭಾಯಿ ಬಧೇಕಾ ಅವರ ದಿವಾಸ್ವಪ್ನ. ಕನ್ನಡದಲ್ಲಿ ಹಗಲುಗನಸು ಅಂತ ಕೇಳಿ. ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ಕಟ್ಟಿದವರು ಇವರು, ಅದಕ್ಕೂ ಮುಂಚೆ ವಕೀಲರಾಗಿದ್ದರು. ಲಕ್ಷ್ಮೀರಾಮ್ ಎಂಬ ಮೇಷ್ಟ್ರು ಅಧಿಕಾರಿಯ ಒಪ್ಪಿಗೆ ಪಡೆದು ಸಾಮಾನ್ಯ ಶಾಲೆಯೊಂದರ ನಾಲ್ಕನೇ ತರಗತಿಯನ್ನು ಒಂದು ವರ್ಷ ನಡೆಸುವ ಕಥನ ಅದು. ತೆಳ್ಳನೆಯ ಪುಸ್ತಕ, ಎರಡು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಮುಗಿಸುವ ಅವಸರವೇ ಅದಕ್ಕೆ ಶತ್ರು.

ಹೆಚ್ಚಿನವರು ಇದನ್ನು ಗೆಲುವಿನ ಕಥೆಯಾಗಿ ಓದಿ "ನಮ್ಮ ಶಾಲೇಲಿ ಇದೆಲ್ಲಾ ಆಗಲ್ಲ" ಎಂದು ಮುಚ್ಚಿಡುತ್ತಾರೆ. ಮೊದಲ ದಿನವನ್ನು ಸರಿಯಾಗಿ ನೋಡಿ. ಲಕ್ಷ್ಮೀರಾಮ್ ದೊಡ್ಡ ಯೋಜನೆ ಹಾಕಿಕೊಂಡು ಬಂದಿರುತ್ತಾನೆ. ಮೌನದ ಆಟ ಆಡಿಸಲು ಹೋಗುತ್ತಾನೆ. ಮಕ್ಕಳು ಕೂಗಾಡಿ, ಅಣಕಿಸಿ ಅದನ್ನು ಹಾಳು ಮಾಡುತ್ತಾರೆ. ಅವನು ಬೇರೆ ದಾರಿ ಕಾಣದೆ ರಜೆ ಕೊಟ್ಟು ಕಳಿಸುತ್ತಾನೆ, ಮುಖ್ಯೋಪಾಧ್ಯಾಯರಿಗೆ ಅದು ಹಿಡಿಸುವುದಿಲ್ಲ. ಮಾರನೇ ದಿನ ಯೋಜನೆ ಬದಿಗಿಟ್ಟು ಕಥೆ ಶುರು ಮಾಡುತ್ತಾನೆ. ಪುಸ್ತಕದ ಬೆನ್ನುಮೂಳೆ ಇದೇ: ಮಾಡಿದ, ಕೆಟ್ಟಿತು, ಬದಲಿಸಿದ.

ಹಾಗಾಗಿ ಪೆನ್ಸಿಲ್ ಹಿಡಿದು ಓದಲು ಹೇಳಿ. ಒಂದು ಹಾಳೆಯಲ್ಲಿ ಮೂರು ಅಂಕಣ: ಏನು ಮಾಡಿದ, ಎಲ್ಲಿ ಕೆಟ್ಟಿತು, ಮಾರನೇ ದಿನ ಏನು ಬದಲಿಸಿದ. ಮೂರನೇ ಅಂಕಣದಲ್ಲಿ ಬಿದ್ದದ್ದಷ್ಟೇ ಜೂನ್‌ಗೆ ಕೆಲಸಕ್ಕೆ ಬರುತ್ತದೆ. ಉದಾಹರಣೆಗೆ ಕಥೆ. ಅವನ ಕಥೆ ಒಂದೇ ದಿನದಲ್ಲಿ ಮುಗಿಯುವುದಿಲ್ಲ, ನಾಳೆಗೆ ಉಳಿಯುತ್ತದೆ. ಮಕ್ಕಳಿಗೆ ರುಚಿ ಹತ್ತಿದ ಮೇಲೆ ಕಥೆ ಪುಸ್ತಕಗಳು ತರಗತಿಗೆ ಬರುತ್ತವೆ, ಕೇಳಿದ ಕಥೆಯಿಂದ ಓದಿಗೆ ದಾಟುತ್ತಾರೆ. ಈ ಕ್ರಮ ಬಿಟ್ಟು ನೇರವಾಗಿ "ಗ್ರಂಥಾಲಯ ಅವಧಿ" ಅಂತ ಮಾಡಿದರೆ ಮಕ್ಕಳು ಚಿತ್ರ ತಿರುವಿ ಕೂರುತ್ತಾರೆ.

ಕರಾವಳಿ_ಟೀಚರ್

ಹಗಲುಗನಸು ಒಳ್ಳೆಯದೇ, ಆದರೆ ಓದುವ ಅಭ್ಯಾಸ ಬಿಟ್ಟುಹೋದವರಿಗೆ ತೊತ್ತೋ-ಚಾನ್‌ನಿಂದ ಶುರು ಮಾಡಿಸಿ. ಅಧ್ಯಾಯಗಳು ಎರಡು ಮೂರು ಪುಟದವು. ನ್ಯಾಷನಲ್ ಬುಕ್ ಟ್ರಸ್ಟ್‌ನ ಕನ್ನಡ ಅನುವಾದ ಇದೆ. ಟೆಟ್ಸುಕೊ ಕುರೊಯನಾಗಿ 1981ರಲ್ಲಿ ಬರೆದದ್ದು, ಟೋಕಿಯೊದ ತೊಮೊಯೆ ಶಾಲೆ ಮತ್ತು ಅದರ ಮುಖ್ಯೋಪಾಧ್ಯಾಯ ಕೊಬಾಯಾಶಿ ಅವರ ನೆನಪು. ಶಾಲೆ 1945ರ ವಾಯುದಾಳಿಯಲ್ಲಿ ಸುಟ್ಟುಹೋಯಿತು.

ಓದಿದವರೆಲ್ಲ ರೈಲು ಬೋಗಿಯ ತರಗತಿಗೆ ಮಾರುಹೋಗುತ್ತಾರೆ. ಗೋಡೆಗೆ ರೈಲಿನ ಬಣ್ಣ ಬಳಿದ ಶಾಲೆಗಳು ನಮ್ಮಲ್ಲಿ ಸಾಕಷ್ಟಿವೆ, ಒಳಗಿನ ಪಾಠ ಮಾತ್ರ ಇದ್ದ ಹಾಗೇ ಇದೆ. ತೆಗೆದುಕೊಳ್ಳಬೇಕಾದದ್ದು ಬೇರೆ. ಬೆಳಿಗ್ಗೆ ಬೋರ್ಡಿನ ಮೇಲೆ ಆ ದಿನದ ಕೆಲಸಗಳನ್ನೆಲ್ಲ ಬರೆಯುತ್ತಾರೆ, ಮಕ್ಕಳು ತಮಗಿಷ್ಟವಾದದ್ದರಿಂದ ಶುರು ಮಾಡುತ್ತಾರೆ. ಯಾವ ಮಗು ಯಾವುದರಿಂದ ಶುರು ಮಾಡುತ್ತದೆ, ಯಾವುದನ್ನು ಕೊನೆಗೆ ತಳ್ಳುತ್ತದೆ ಅನ್ನುವುದು ಟೀಚರಿಗೆ ತಾನಾಗಿ ಕಾಣುತ್ತದೆ. ಮೊದಲ ದಿನ ಕೊಬಾಯಾಶಿ ಆ ಹುಡುಗಿಯ ಮಾತನ್ನು ಗಂಟೆಗಟ್ಟಲೆ ಕೇಳುತ್ತಾರೆ, ಅದೂ ಅಷ್ಟೇ ಮುಖ್ಯ.

ಬಹುವರ್ಗ_ಬೋಧನೆ

ಕರಾವಳಿ ಟೀಚರ್ ಹೇಳಿದ್ದಕ್ಕೆ ಒಂದು ತಿದ್ದುಪಡಿ. ತೊಮೊಯೆಯಲ್ಲಿ ಇಡೀ ಶಾಲೆಗೆ ಸೇರಿ ಐವತ್ತರ ಆಸುಪಾಸು ಮಕ್ಕಳು. ನಲವತ್ತು ಮಕ್ಕಳ ಒಂದೇ ತರಗತಿಯಲ್ಲಿ ಇಡೀ ದಿನ ಹೀಗೆ ಬಿಟ್ಟರೆ ಗದ್ದಲವೇ. ಆದರೆ ಇಬ್ಬರು ಶಿಕ್ಷಕರಿಗೆ ಐದು ತರಗತಿ ಇರುವ ಶಾಲೆಗೆ ಇದು ಹೇಳಿ ಮಾಡಿಸಿದ್ದು. ಕೊನೆಯ ಎರಡು ಅವಧಿಗೆ ಮಾತ್ರ ಬೋರ್ಡ್ ಮೇಲೆ ಮೂರು ಕೆಲಸ ಬರೆಯಿರಿ. ಮೂರೂ ಟೀಚರ್ ಸಹಾಯ ಇಲ್ಲದೆ ಶುರು ಮಾಡುವಂಥವಿರಬೇಕು. ಮುಗಿದದ್ದನ್ನು ಎಲ್ಲಿ ಇಡಬೇಕು ಅನ್ನುವುದು ಮೊದಲೇ ಗೊತ್ತಿರಬೇಕು. ಈ ಎರಡು ಇಲ್ಲದಿದ್ದರೆ "ಮಿಸ್, ಆಯ್ತು, ಈಗೇನು" ಅಂತ ಎಲ್ಲರೂ ಮೇಜಿನ ಸುತ್ತ ನಿಲ್ಲುತ್ತಾರೆ, ಅಲ್ಲಿಗೆ ಪ್ರಯೋಗ ಮುಗಿದ ಹಾಗೆ.

ನಲಿಕಲಿ_ಅಕ್ಕ

ಒಂದರಿಂದ ಮೂರನೇ ತರಗತಿಯವರಿಗೆ ಒಂದೇ ಪುಸ್ತಕ ಅಂದರೆ ಕೃಷ್ಣಕುಮಾರ್ ಅವರ ಮಗುವಿನ ಭಾಷೆ ಮತ್ತು ಶಿಕ್ಷಕ. ಸಣ್ಣದು, ಆದರೆ ಪ್ರತಿ ಪುಟದಲ್ಲೂ ಮಾಡಿ ನೋಡಲು ಏನಾದರೂ ಇದೆ. ಮಗುವಿನ ಮಾತನ್ನು ಗದ್ದಲ ಅಂತ ನೋಡದೆ ಕಲಿಕೆಯ ಸಾಧನ ಅಂತ ನೋಡುವುದು ಅದರ ತಿರುಳು. ತನ್ನ ಬಗ್ಗೆ ಮಾತು, ಶಾಲೆಯ ಸುತ್ತಲಿನ ವಸ್ತುಗಳ ಬಗ್ಗೆ ಮಾತು, ಚಿತ್ರ ನೋಡಿ ಮಾತು, ಕಥೆ ಕೇಳಿ ಮಾತು, ಅಭಿನಯ. ಹೀಗೆ ಮಾತಿಗೆ ಅವಕಾಶಗಳನ್ನು ವಿಂಗಡಿಸಿ ಕೊಡುತ್ತಾರೆ.

ಚಿತ್ರದ ಭಾಗವನ್ನು ಎರಡು ಸಲ ಓದಿ. ನಮ್ಮ ತರಗತಿಗಳಲ್ಲಿ ಚಿತ್ರ ತೋರಿಸಿ ಕೇಳುವುದು ಒಂದೇ ಬಗೆಯ ಪ್ರಶ್ನೆ: "ಇದರಲ್ಲಿ ಏನೇನಿದೆ?" ಮಕ್ಕಳು ಮರ, ಹಸು, ಬಾವಿ ಅಂತ ಪಟ್ಟಿ ಒಪ್ಪಿಸಿ ಸುಮ್ಮನಾಗುತ್ತಾರೆ. ಅದು ಹುಡುಕುವ ಪ್ರಶ್ನೆ. ಅದರ ಮೇಲೆ ಇನ್ನೂ ನಾಲ್ಕು ಬಗೆ ಇವೆ. ಬಾವಿ ಹತ್ತಿರದ ಹುಡುಗಿ ಯಾಕೆ ಹಿಂದೆ ತಿರುಗಿ ನೋಡುತ್ತಿದ್ದಾಳೆ? ಇದು ಕಾರಣ ಕೇಳುವುದು. ನೀನು ಅವಳ ಜಾಗದಲ್ಲಿದ್ದರೆ? ಇದು ತನ್ನನ್ನು ಅಲ್ಲಿ ಇಟ್ಟು ನೋಡುವುದು. ಇನ್ನೊಂದು ಗಳಿಗೆಗೆ ಏನಾಗಬಹುದು? ಇದು ಊಹೆ. ಇಂಥದ್ದನ್ನು ನಿಮ್ಮೂರಲ್ಲಿ ಎಲ್ಲಿ ನೋಡಿದ್ದೀ? ಇದು ತನ್ನ ಬದುಕಿಗೆ ಜೋಡಿಸುವುದು. ರಜೆಯಲ್ಲಿ ಮಾಡಬೇಕಾದ ಕೆಲಸ ಇಷ್ಟೇ: ಹಳೇ ಕ್ಯಾಲೆಂಡರ್, ಪತ್ರಿಕೆಗಳಿಂದ ಜನ ಏನೋ ಮಾಡುತ್ತಿರುವ ಹತ್ತು ಚಿತ್ರ ಕತ್ತರಿಸಿ ರಟ್ಟಿಗೆ ಅಂಟಿಸಿ, ಪ್ರತಿಯೊಂದರ ಬೆನ್ನಿಗೆ ಐದು ಬಗೆಯ ಐದು ಪ್ರಶ್ನೆ ಬರೆಯಿರಿ. ದೇವರ ಚಿತ್ರ, ಬರೀ ಹೂವಿನ ಚಿತ್ರ ಬೇಡ. ಅವುಗಳಲ್ಲಿ ಏನೂ ನಡೆಯುತ್ತಿರುವುದಿಲ್ಲ, ಮಾತು ಹುಟ್ಟುವುದಿಲ್ಲ.

ಇದರ ಜೊತೆ ಸೋನಾಲಿ ನಾಗ್ ಅವರ ಸಂಶೋಧನೆಯ ಸಾರಾಂಶವನ್ನು ಯಾರಾದರೂ ಕನ್ನಡದಲ್ಲಿ ಒಂದು ಪುಟ ಬರೆದು ಹಂಚಬೇಕು. ಕನ್ನಡ ಓದು ಕಲಿಯುವ ಮಕ್ಕಳ ಮೇಲೆ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಮುಖ್ಯ ಮಾತು: ಕನ್ನಡದ ಅಕ್ಷರ ಕಲಿಕೆ ಒಂದು ವರ್ಷದಲ್ಲಿ ಮುಗಿಯುವಂಥದ್ದಲ್ಲ, ಮೂರು ನಾಲ್ಕನೇ ತರಗತಿಗೂ ಚಾಚುತ್ತದೆ. ಯಾಕೆ ಅಂತ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ವರ್ಣಮಾಲೆಯಲ್ಲಿ 49 ಅಕ್ಷರ. ಅದರಲ್ಲಿ 34 ವ್ಯಂಜನಗಳಿಗೆ ಕಾಗುಣಿತ ಸೇರಿಸಿದರೆ ನಾನೂರು ದಾಟುತ್ತದೆ, ಆಮೇಲೆ ಒತ್ತಕ್ಷರ. ಒಂದನೇ ತರಗತಿ ಕೊನೆಗೆ "ಈ ಮಗು ನಿಧಾನ" ಅಂತ ಹಣೆಪಟ್ಟಿ ಹಚ್ಚುವ ಮೊದಲು ಇದು ತಿಳಿದಿರಬೇಕು. ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆಯಾದ ನಲಿಕಲಿಯಲ್ಲಿ ಅ ಆ ಇ ಈ ಬಿಟ್ಟು ರ, ಗ, ಸ, ದ, ಅ ಇಂದ ಶುರು ಮಾಡುವುದಕ್ಕೂ ಕಾರಣ ಇದೆ: ಐದೇ ಅಕ್ಷರದಲ್ಲಿ ಸರ, ಅರಸ, ದರ, ಗರಗಸ ಅಂತ ಅರ್ಥ ಇರುವ ಪದಗಳು ಸಿಗುತ್ತವೆ, ಕಾಗುಣಿತ ಬರುವವರೆಗೆ ಕಾಯಬೇಕಿಲ್ಲ.

ಸಿಆರ್‌ಪಿ_ಕಲ್ಪತರು

ಚಿತ್ರದ ರಟ್ಟುಗಳು ಪಟ್ಟಿಗೆ ಸೇರಿದವು. ಗಣಿತಕ್ಕೆ ಏನಿದೆ? ನಮ್ಮಲ್ಲಿ ನಾಲ್ಕು ಐದನೇ ತರಗತಿಯ ಭಿನ್ನರಾಶಿಯೇ ದೊಡ್ಡ ತಲೆನೋವು.

ಲೆಕ್ಕದ_ಸರ್_ಧಾರವಾಡ

ಗಣಿತಕ್ಕ ಕನ್ನಡದಾಗ ಒಗಟಿನ ಪುಸ್ತಕ ಬೇಕಾದಷ್ಟು ಅದಾವ್ರಿ. ಆದರ ಮಾಸ್ತರ್ ತಾನು ಕಲಿಸೋ ಲೆಕ್ಕನ ತಾನೇ ಎಷ್ಟು ತಿಳಕೊಂಡಾನ ಅಂತ ನೋಡೋ ಪುಸ್ತಕ ಕಡಿಮಿ. ಅದಕ್ಕ ಲಿಪಿಂಗ್ ಮಾ ಅವರದು ಓದ್ರಿ, 1999ರಾಗ ಬಂದದ್ದು, ಪ್ರಾಥಮಿಕ ಗಣಿತ ತಿಳಿಯೋದು ಮತ್ತು ಕಲಿಸೋದರ ಮ್ಯಾಲೆ. ಇಂಗ್ಲಿಷ್ ಅದ, ಖರೆ. ಆದರ ಇಡೀ ಪುಸ್ತಕ ನಿಂತಿರೋದು ನಾಲ್ಕು ಲೆಕ್ಕದ ಮ್ಯಾಲೆ. 23 ಅಮೆರಿಕನ್ ಶಿಕ್ಷಕರಿಗೆ, 72 ಚೀನೀ ಶಿಕ್ಷಕರಿಗೆ ಅವೇ ಪ್ರಶ್ನೆ ಕೇಳ್ಯಾರ. ಕ್ಲಸ್ಟರ್‌ನಾಗ ಒಬ್ಬರು ಓದಿ ಉಳಿದವರಿಗೆ ಹೇಳಿದರೂ ಸಾಕು. ಆದರ ಒಂದು ಷರತ್ತು: ಪುಸ್ತಕ ತೆರೆಯೋಕಿಂತ ಮೊದಲ ಆ ನಾಲ್ಕೂ ಲೆಕ್ಕ ಎಲ್ಲರೂ ಹಾಳಿ ಮ್ಯಾಲೆ ಬರೀಬೇಕು.

ಒಂದು, 52ರಿಂದ 25 ಕಳಿಯೋದನ್ನ ಎರಡನೇತ್ತಾ ಮಕ್ಕಳಿಗೆ ಹೆಂಗ ಹೇಳ್ತೀರಿ? "ಪಕ್ಕದ ಮನಿಂದ ಸಾಲ ತೊಗೊಂಡು" ಅಂತ ಬರೆದರ ಅಲ್ಲೇ ನಿಲ್ರಿ. ಸಾಲ ಅಲ್ಲ ಅದು, 5 ಹತ್ತುಗಳೊಳಗ ಒಂದು ಹತ್ತನ್ನ ಬಿಚ್ಚಿ 10 ಬಿಡಿ ಮಾಡ್ತೀವಿ. ಕಡ್ಡಿ ಕಟ್ಟಿನ ರಬ್ಬರ್ ಬಿಚ್ಚಿ ತೋರಿಸಿದರ ಮುಗೀತು. ಸಾಲ ಅಂದ್ರ ತಿರುಗಿ ಕೊಡಬೇಕಲ್ಲ, ಮಕ್ಕಳು ಅದನ್ನೂ ಕೇಳ್ತಾರ.

ಎರಡು, 123 ಗುಣಿಲೆ 645. ಮಗು 615, 492, 738 ಮೂರನ್ನೂ ಒಂದರ ಕೆಳಗೊಂದು ನೆಟ್ಟಗ ಬರೆದು ಕೂಡಿ 1845 ಅಂತದ. ನೀವು ಏನು ಮಾಡ್ತೀರಿ? "ಒಂದು ಮನಿ ಬಿಟ್ಟು ಬರಿ, ಅಲ್ಲೊಂದು ಗುಣಾಕಾರದ ಗುರುತು ಹಾಕು" ಅನ್ನೋದು ರೂಢಿ. ಯಾಕ ಬಿಡಬೇಕು ಅಂತ ಅದರಾಗ ಇಲ್ಲ. 492 ಅಲ್ಲ ಅದು, 123 ನಲವತ್ತು ಸಲ ಅಂದ್ರ 4920. 738 ಅಲ್ಲ, 73,800. ಮೂರನ್ನೂ ಪೂರ್ತಿ ಬರೆದು ಕೂಡಿದರ 79,335. ಜೂನ್‌ನಾಗ ಒಂದು ವಾರ ಸೊನ್ನಿ ಸಮೇತ ಬರೆಸ್ರಿ, ಆಮ್ಯಾಲೆ ಬಿಡೋದು ಕಲಿಸ್ರಿ.

ಮೂರನೇದು ಭಿನ್ನರಾಶಿ. ಒಂದೂ ಮುಕ್ಕಾಲನ್ನ ಅರ್ಧದಿಂದ ಭಾಗಿಸ್ರಿ, ಅದಕ್ಕೊಂದು ಕಥಿ ಕಟ್ರಿ. ಬಾಳ ಮಂದಿ ಬರೆಯೋ ಕಥಿ: "ಒಂದೂ ಮುಕ್ಕಾಲು ಲೀಟರ್ ಹಾಲನ್ನ ಇಬ್ಬರಿಗೆ ಸಮ ಹಂಚಿದರ?" ಅದು ಎರಡರಿಂದ ಭಾಗಿಸಿದ್ದು, ಉತ್ತರ 7/8. ಅರ್ಧದಿಂದ ಭಾಗಿಸೋದು ಅಂದ್ರ "ಅರ್ಧ ಲೀಟರಿನ ಬಾಟಲಿ ಎಷ್ಟು ತುಂಬ್ತಾವು?" ಮೂರೂವರಿ ಬಾಟಲಿ. ಉತ್ತರ ಮೂಲ ಸಂಖ್ಯಾಕ್ಕಿಂತ ದೊಡ್ಡದಾತು ಅಂತ ಮಕ್ಕಳು ಹೌಹಾರ್ತಾರ, ಬಾಟಲಿ ಕಣ್ಣಿಗೆ ಬಂದ ಮ್ಯಾಲೆ ಹೌಹಾರೂದಿಲ್ಲ. "ತಿರುಗಿಸಿ ಗುಣಿಸು" ಅಂತ ಮೊದಲ ಹೇಳಿಕೊಟ್ರ ಈ ಬಾಟಲಿ ಯಾರ ಕಣ್ಣಿಗೂ ಬರೂದಿಲ್ಲ.

ನಾಲ್ಕು, ಒಬ್ಬ ಹುಡುಗಿ ಬಂದು ಸುತ್ತಳತೆ ಹೆಚ್ಚಾದರ ಕ್ಷೇತ್ರಫಲಾನೂ ಹೆಚ್ಚಾಗ್ತದ ಅಂತ ಕಂಡುಹಿಡಿದೀನಿ ಅಂತಾಳ. 4ಕ್ಕ 4ರ ಚೌಕ ತೋರಿಸ್ತಾಳ, 8ಕ್ಕ 4ರ ಆಯತ ತೋರಿಸ್ತಾಳ. "ತಪ್ಪು, ಕೂಡು" ಅನಬ್ಯಾಡ್ರಿ. ಚೌಕುಳಿ ಹಾಳಿ ಕೊಟ್ಟು 10ಕ್ಕ 1ರ ಆಯತ ಬರೆಸ್ರಿ: ಸುತ್ತಳತೆ 22, ಕ್ಷೇತ್ರಫಲ ಬರೇ 10. 4ಕ್ಕ 4ರದು 16, 16. ಆಕಿನೇ ತನ್ನ ಮಾತು ತಿದ್ದಕೋತಾಳ.

ಓದುಮನೆ

ಧಾರವಾಡದ ಸರ್ ಬರೆದಿದ್ದನ್ನೇ ಅಚ್ಚು ಹಾಕಿ ಕೊಟ್ಟರೆ ಅರ್ಧ ಕೆಲಸ ಮುಗಿಯಿತು. ಇಂಗ್ಲಿಷ್ ಓದುವವರಿಗೆ ಇನ್ನೊಂದು: ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಅಟ್ ರೈಟ್ ಆಂಗಲ್ಸ್ ಗಣಿತ ಪತ್ರಿಕೆ ಉಚಿತವಾಗಿ ಸಿಗುತ್ತದೆ. ಅದೇ ಸಂಸ್ಥೆಯ ಲರ್ನಿಂಗ್ ಕರ್ವ್ ಕನ್ನಡದಲ್ಲೂ ಬರುತ್ತದೆ.

ಪ್ರಯೋಗಶಾಲೆ

ವಿಜ್ಞಾನದವರಿಗೆ ಎರಡು ಬಗೆಯ ಓದು ಬೇಕು: ಕೈಗೆ ಕೆಲಸ ಕೊಡುವುದು, ಕಣ್ಣಿಗೆ ಕೆಲಸ ಕೊಡುವುದು.

ಕೈಗೆ, ಬಿಸಾಡುವ ವಸ್ತುಗಳಿಂದ ವಿಜ್ಞಾನದ ಆಟಿಕೆ ಮಾಡಿಸುವ ಅರವಿಂದ ಗುಪ್ತಾ. ಅವರ ಪುಸ್ತಕಗಳನ್ನು ತಮ್ಮದೇ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದ್ದಾರೆ, ಕನ್ನಡದ ವಿಭಾಗವೂ ಇದೆ. ಬೆಂಕಿಕಡ್ಡಿ ಮಾದರಿಗಳಿಂದ ಶುರು ಮಾಡಿ. ಬರೀ ಓದಿದರೆ "ಗೊತ್ತಾಯ್ತು" ಅನ್ನಿಸುತ್ತದೆ, ಮಾಡಲು ಕೂತಾಗ ಕೈ ನಿಲ್ಲುತ್ತದೆ. ಬೇಕಾದದ್ದು ಮರದ ಬೆಂಕಿಕಡ್ಡಿ (ಮೇಣದ ಕಡ್ಡಿ ಬಾಗುತ್ತದೆ, ಆಗದು), ಸೈಕಲ್ಲಿನ ವಾಲ್ವ್ ಟ್ಯೂಬ್, ಜಾಲಿ ಮುಳ್ಳು. ಕಡ್ಡಿಯ ಮದ್ದನ್ನು ಬ್ಲೇಡಿನಿಂದ ಪೂರ್ತಿ ಕೆರೆದು ತೆಗೆಯಿರಿ, ಇದು ದೊಡ್ಡವರ ಕೆಲಸ. ವಾಲ್ವ್ ಟ್ಯೂಬನ್ನು ಒಂದೂಕಾಲರಿಂದ ಒಂದೂವರೆ ಸೆಂಟಿಮೀಟರ್ ತುಂಡು ಮಾಡಿ. ಎರಡು ತುದಿಗೂ ಒಂದೊಂದು ಕಡ್ಡಿ ಚುಚ್ಚಿದರೆ ಬಾಗುವ ಕೀಲು. ಮೂರು ಕಡ್ಡಿ, ಮೂರು ತುಂಡು: ತ್ರಿಕೋನ. ನಾಲ್ಕು ನಾಲ್ಕು: ಚೌಕ. ಬೆರಳಿಂದ ಒತ್ತಿದರೆ ಚೌಕ ಓರೆಯಾಗಿ ವಜ್ರಾಕೃತಿ ಆಗುತ್ತದೆ, ತ್ರಿಕೋನ ಅಲ್ಲಾಡುವುದಿಲ್ಲ. ಸೇತುವೆ, ಮೊಬೈಲ್ ಗೋಪುರ, ಹೆಂಚಿನ ಮನೆಯ ತೊಲೆ ಎಲ್ಲದರಲ್ಲೂ ಓರೆಪಟ್ಟಿ ಯಾಕಿದೆ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ. ಮುಂದೆ ತ್ರಿಕೋನದ ಮೂರೂ ಕೀಲುಗಳಿಗೆ ಮುಳ್ಳಿನಿಂದ ತೂತು ಮಾಡಿ, ತುದಿ ಚೂಪು ಮಾಡಿದ ಮೂರು ಕಡ್ಡಿ ನಿಲ್ಲಿಸಿ, ಮೇಲೆ ಒಟ್ಟಿಗೆ ಸೇರಿಸಿದರೆ ಚತುಷ್ಫಲಕ: 4 ಶೃಂಗ, 6 ಅಂಚು, 4 ಮುಖ.

ಎಲ್ಲಿ ಕೆಡುತ್ತದೆ? ಮುಳ್ಳನ್ನು ಚುಚ್ಚಿದ ತಕ್ಷಣ ಎಳೆದರೆ ತೂತು ಮುಚ್ಚಿಕೊಳ್ಳುತ್ತದೆ. ಮುಳ್ಳನ್ನು ಅಲ್ಲೇ ಬಿಟ್ಟಿರಿ, ಕಡ್ಡಿ ಸಿದ್ಧವಾದ ಮೇಲೆ ಎಳೆದು ತಕ್ಷಣ ತೂರಿಸಿ. ಹಳೇ ಟ್ಯೂಬ್ ಬಿರುಕು ಬಿಡುತ್ತದೆ, ಜೂನ್‌ಗೆ ಹೊಸದನ್ನೇ ತನ್ನಿ.

ಕಣ್ಣಿಗೆ ಬಿ.ಜಿ.ಎಲ್. ಸ್ವಾಮಿಯವರ ಹಸುರು ಹೊನ್ನು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಕೃತಿ, ಚಿತ್ರಗಳನ್ನೂ ಅವರೇ ಬರೆದಿದ್ದಾರೆ. ಸಸ್ಯಶಾಸ್ತ್ರದ ಪ್ರಾಧ್ಯಾಪಕರೊಬ್ಬರು ವಿದ್ಯಾರ್ಥಿಗಳನ್ನು ಕಾಡಿಗೆ ಕರೆದುಕೊಂಡು ಹೋಗುವ ಪುಸ್ತಕ. ಪ್ರವಾಸ ಅಂದರೆ ಬಸ್ಸು, ಊಟ, ಫೋಟೋ ಅಂದುಕೊಂಡವರು ಓದಲೇಬೇಕು. ಗಿಡದ ಹೆಸರು ಹೇಳುವ ಮೊದಲು ವಿದ್ಯಾರ್ಥಿಗಳ ಕೈಗೆ ಎಲೆ, ಹೂವು ಬಂದಿರುತ್ತದೆ. ಓದಿದ ಮೇಲೆ ಶಾಲೆಯ ಅಂಗಳದ ಒಂದೇ ಒಂದು ಮರ ಆರಿಸಿಕೊಳ್ಳಿ. ಹೆಚ್ಚಿನ ಶಾಲೆಗಳಲ್ಲಿ ಗುಲ್‌ಮೊಹರ್ ಇದ್ದೇ ಇದೆ, ಜೂನ್ ಮೊದಲ ವಾರದಲ್ಲೂ ಹೂವಿರುತ್ತದೆ. ಬಿದ್ದ ಹೂವನ್ನು ಇಬ್ಬರಿಗೊಂದು ಕೊಡಿ. 5 ಪುಷ್ಪಪತ್ರ, 5 ದಳ, ಅದರಲ್ಲಿ ಒಂದು ಉಳಿದವುಗಳಂತಿಲ್ಲ, ಬಿಳಿ ಹಳದಿ ಚುಕ್ಕೆ ಗೆರೆ ಇದೆ. 10 ಕೇಸರ, ಪ್ರತಿಯೊಂದೂ ಬಿಡಿಬಿಡಿ. ಪಕ್ಕದಲ್ಲಿ ದಾಸವಾಳ ಇಡಿ: ಅದರ ಕೇಸರಗಳು ಕೂಡಿಕೊಂಡು ಕೊಳವೆಯಾಗಿವೆ. ಪಾಠದಲ್ಲಿ ಹೆಚ್ಚಾಗಿ ನೋಡುವುದು ದಾಸವಾಳ, ಹಾಗಾಗಿ ಎಲ್ಲ ಹೂವೂ ಹಾಗೇ ಇರುತ್ತದೆ ಅಂತ ಮಕ್ಕಳು ತಿಳಿಯುತ್ತಾರೆ. ಎರಡನ್ನು ಒಟ್ಟಿಗೆ ನೋಡಿದಾಗ ಆ ತಪ್ಪು ತಿಳುವಳಿಕೆ ಹೋಗುತ್ತದೆ.

ಹಸುರು ಹೊನ್ನು ದೊಡ್ಡದಾಯಿತು ಅನ್ನುವವರಿಗೆ ತೇಜಸ್ವಿಯವರ ಪರಿಸರದ ಕತೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಬಾಲವಿಜ್ಞಾನ 1978ರಿಂದ ಬರುತ್ತಿದೆ, ಹಳೇ ಸಂಚಿಕೆಗಳು ಎಷ್ಟೋ ಶಾಲೆಗಳ ಬೀರುವಿನಲ್ಲಿವೆ.

ಹೊಸಗನ್ನಡ_ಹೈಸ್ಕೂಲು

ಭಾಷಾ ಶಿಕ್ಷಕರಿಗೆ, ಅದರಲ್ಲೂ ಏಳರಿಂದ ಹತ್ತರವರಿಗೆ, ಬಾರ್ಬಿಯಾನಾ ಶಾಲೆಯ ಹುಡುಗರು ಶಿಕ್ಷಕಿಗೆ ಬರೆದ ಪತ್ರ. ಇಟಲಿಯ ಟಸ್ಕನಿ ಬೆಟ್ಟದ ಹಳ್ಳಿಯಲ್ಲಿ ಡಾನ್ ಲೊರೆಂಜೊ ಮಿಲಾನಿ ಎಂಬ ಪಾದ್ರಿ, ಶಾಲೆಯಿಂದ ಹೊರದಬ್ಬಿಸಿಕೊಂಡ ರೈತರ ಮಕ್ಕಳಿಗೆ ಪಾಠ ಮಾಡುತ್ತಿದ್ದರು. ಎಂಟು ಹುಡುಗರು ಸೇರಿ ಬರೆದ ಈ ಪುಸ್ತಕ 1967ರಲ್ಲಿ ಬಂತು. ಬಡವರ ಮಕ್ಕಳನ್ನು ನಪಾಸು ಮಾಡಿ ಮನೆಗೆ ಕಳಿಸುವ ಶಾಲೆಯ ಮೇಲೆ ಹೊರಿಸಿದ ಆರೋಪ ಅದು. ಓದಲು ಹಿತವಾಗಿರುವುದಿಲ್ಲ, ಓದಲೇಬೇಕು.

ಅದರೊಳಗೆ ತಾವು ಒಟ್ಟಾಗಿ ಹೇಗೆ ಬರೆದೆವು ಅಂತ ಹುಡುಗರು ವಿವರಿಸುತ್ತಾರೆ. ಪ್ರಬಂಧ ಬರೆಸುವುದಕ್ಕೆ ನನಗೆ ಗೊತ್ತಿರುವ ಅತ್ಯಂತ ಉಪಯುಕ್ತ ಪುಟಗಳು ಅವು. ಹೊಳೆದ ಒಂದೊಂದು ವಿಚಾರವನ್ನೂ ಬೇರೆ ಬೇರೆ ಚೀಟಿಯಲ್ಲಿ, ಒಂದೇ ಮಗ್ಗುಲಲ್ಲಿ ಬರೆಯುತ್ತಾರೆ. ಎಲ್ಲವನ್ನೂ ದೊಡ್ಡ ಮೇಜಿನ ಮೇಲೆ ಹರಡಿ ಒಂದೇ ತರಹದವನ್ನು ತೆಗೆದುಹಾಕುತ್ತಾರೆ. ಹತ್ತಿರದವನ್ನು ಗುಡ್ಡೆ ಮಾಡುತ್ತಾರೆ, ಅವು ಅಧ್ಯಾಯಗಳು. ಗುಡ್ಡೆಯೊಳಗೆ ಸಣ್ಣ ಗುಡ್ಡೆ, ಅವು ಪ್ಯಾರಾಗಳು. ಆಮೇಲೆ ಬರೆದು, ಬೇಡದ ಪದ, ಮತ್ತೆ ಮತ್ತೆ ಬಂದ ಮಾತು, ಒಂದೇ ವಾಕ್ಯಕ್ಕೆ ತುರುಕಿದ ಎರಡು ವಿಚಾರ ಇವನ್ನೆಲ್ಲ ಕತ್ತರಿಸುತ್ತಾರೆ. ಕೊನೆಗೆ ಹೊರಗಿನವರನ್ನು ಒಬ್ಬೊಬ್ಬರಾಗಿ ಕರೆದು ಗಟ್ಟಿಯಾಗಿ ಓದಿಸುತ್ತಾರೆ, ಹೆಚ್ಚು ಶಾಲೆ ಕಲಿಯದವರಾದರೆ ಇನ್ನೂ ಒಳ್ಳೆಯದು. ಅವರಿಗೆ ಅರ್ಥವಾಗದಿದ್ದರೆ ತಪ್ಪು ಬರೆದವರದು.

ನಮ್ಮಲ್ಲಿ ಮಾಡುವ ರೀತಿ: ವಿಷಯ "ನಮ್ಮೂರ ಕೆರೆ". ಎಂಟು ಹತ್ತು ಮಕ್ಕಳ ಗುಂಪು. ಎ4 ಹಾಳೆಯನ್ನು ನಾಲ್ಕು ಮಾಡಿದ ಚೀಟಿ, ಒಬ್ಬರಿಗೆ ಐದು. ಮೊದಲ ಅವಧಿ ಬರೀ ಚೀಟಿ. ಎರಡನೆಯದು ವಿಂಗಡಣೆ. ಮೂರನೆಯದು ಗುಡ್ಡೆಗೊಬ್ಬರಂತೆ ಪ್ಯಾರಾ ಬರೆಯುವುದು. ನಾಲ್ಕನೆಯದು ಕತ್ತರಿ. ಒಂದೇ ಅವಧಿಯಲ್ಲಿ ಮುಗಿಸಲು ಹೋದರೆ ವಿಂಗಡಣೆ ಹಾರಿಹೋಗುತ್ತದೆ, ಹಳೇ ಪ್ರಬಂಧವೇ ಬರುತ್ತದೆ. ಮೊದಲ ಸಲ ಅರ್ಧಕ್ಕರ್ಧ ಚೀಟಿಗಳಲ್ಲಿ "ಕೆರೆಯು ನಮ್ಮ ಜೀವನದಲ್ಲಿ ಬಹಳ ಮುಖ್ಯವಾದುದು" ಅಂತಲೇ ಇರುತ್ತದೆ. ಬಯ್ಯಬೇಡಿ. ಒಂದು ನಿಯಮ ಇಡಿ: ಚೀಟಿಯಲ್ಲಿ ಯಾರು, ಎಲ್ಲಿ, ಯಾವಾಗ, ಎಷ್ಟು, ಇವುಗಳಲ್ಲಿ ಒಂದಾದರೂ ಇರಬೇಕು. ಆಗ "ತೂಬಿನ ಬಾಗಿಲು ಮುರಿದಿದೆ", "ಅಜ್ಜಿ ಕಾಲದಲ್ಲಿ ಮಾರ್ಗಶಿರದವರೆಗೆ ನೀರಿತ್ತಂತೆ" ಅನ್ನುವಂಥ ಚೀಟಿಗಳು ಬರುತ್ತವೆ. ಒಂದೇ ಚೀಟಿಯಲ್ಲಿ ಎರಡು ವಿಚಾರ ಇದ್ದರೆ ಯಾವ ಗುಡ್ಡೆಗೂ ಸೇರುವುದಿಲ್ಲ, ಹರಿದು ಎರಡು ಮಾಡಿಸಿ.

ಇಂಗ್ಲಿಷ್ ಅನುವಾದ ಸಿಗುತ್ತದೆ. ಕ್ಲಸ್ಟರ್‌ನಲ್ಲಿ ಒಬ್ಬರು ಆ ಭಾಗವನ್ನು ಕನ್ನಡದಲ್ಲಿ ವಿವರಿಸಿದರೂ ಕೆಲಸ ಆಗುತ್ತದೆ.

ಊರಾಚೆ

ಇಷ್ಟು ಹೊತ್ತು ಬೋಧನೆ ಬಗ್ಗೆ ಬಂತು. ತರಗತಿಯಲ್ಲಿ ಯಾರು ಎಲ್ಲಿ ಕೂರುತ್ತಾರೆ, ಕಸ ಯಾರು ಗುಡಿಸುತ್ತಾರೆ ಅನ್ನುವುದೂ ಪಾಠವೇ. ಅರವಿಂದ ಮಾಲಗತ್ತಿಯವರ ಗವರ್ನಮೆಂಟ್ ಬ್ರಾಹ್ಮಣ, ಸಿದ್ದಲಿಂಗಯ್ಯನವರ ಊರುಕೇರಿ, ಎರಡರಲ್ಲಿ ಒಂದಾದರೂ ಪಟ್ಟಿಯಲ್ಲಿರಲಿ. ಎರಡೂ ದಲಿತ ಲೇಖಕರ ಆತ್ಮಕಥೆಗಳು, ಕನ್ನಡದ್ದೇ, ಅನುವಾದದ ತೊಡಕಿಲ್ಲ, ಊರುಕೇರಿಯಂತೂ ಕೈಗೆತ್ತಿಕೊಂಡರೆ ಬಿಡಿಸುವುದಿಲ್ಲ. ಹಿಂದಿ ಬಲ್ಲವರಿಗೆ ಓಂಪ್ರಕಾಶ್ ವಾಲ್ಮೀಕಿಯವರ ಜೂಠನ್. ಮುಖ್ಯೋಪಾಧ್ಯಾಯರೇ ಹುಡುಗನ ಪಾಠ ಬಿಡಿಸಿ ಶಾಲೆಯ ಅಂಗಳ ಗುಡಿಸಲು ಹಚ್ಚುವ ಪ್ರಸಂಗ ಅದರಲ್ಲಿದೆ, ಅವನ ಅಪ್ಪ ಬಂದು ಪೊರಕೆ ಕಿತ್ತೆಸೆಯುವವರೆಗೆ.

ಈ ಪುಸ್ತಕಗಳನ್ನು ಓದಿ ಮರುಗುವುದು ಸುಲಭ. ಬೇಕಾದದ್ದು ಇದು: ಶಾಲೆಯ ಪ್ರಸಂಗ ಬಂದಾಗೆಲ್ಲ "ಈ ಹೊತ್ತಿನಲ್ಲಿ ಶಿಕ್ಷಕರು ಏನು ಮಾಡಬಹುದಿತ್ತು" ಅಂತ ಒಂದು ಸಾಲು ಬರೆಯಿರಿ. ಜೂನ್ ಮೊದಲ ದಿನವೇ ಕೂರುವ ಜಾಗ ವಾರಕ್ಕೊಮ್ಮೆ ಬದಲಾಗುವ ಪಟ್ಟಿ, ಗುಡಿಸುವುದು, ನೀರು ತುಂಬಿಸುವುದು, ಬಿಸಿಯೂಟ ಬಡಿಸುವುದು ಹಾಜರಿ ಸಂಖ್ಯೆಯ ಪ್ರಕಾರ ಸರದಿ. ಗೋಡೆಯ ಮೇಲೆ ಹಾಕಿ. "ಯಾರು ಮಾಡ್ತೀರಪ್ಪಾ" ಅಂತ ಕೇಳಿ ಸ್ವಯಂಪ್ರೇರಿತವಾಗಿ ಬಿಟ್ಟರೆ ಪ್ರತಿದಿನ ಅದೇ ನಾಲ್ಕು ಮಕ್ಕಳು, ಹೆಚ್ಚಾಗಿ ಅದೇ ಕೇರಿಯವರು, ಹೆಚ್ಚಾಗಿ ಹುಡುಗಿಯರು ಏಳುತ್ತಾರೆ.

ನೀತಿಪತ್ರ

ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟನ್ನೂ ಓದಿಸಬೇಕು. ಅದು ಗೊತ್ತಿಲ್ಲದೆ ತರಬೇತಿಗೆ ಬಂದರೆ ಏನೂ ತಲೆಗೆ ಹೋಗಲ್ಲ.

ನಲಿಕಲಿ_ಅಕ್ಕ

2023ರ ಚೌಕಟ್ಟು ಆರುನೂರು ಪುಟದ ಆಸುಪಾಸು. ರಜೆಯಲ್ಲಿ ಅದನ್ನು ಕೊಟ್ಟರೆ ಓದುವ ಆಸೆಯೇ ಸಾಯುತ್ತದೆ. 2005ರ ಚೌಕಟ್ಟಿನ ಜೊತೆ ಬಂದ 21 ವಿಷಯವಾರು ಪ್ರಬಂಧಗಳಲ್ಲಿ ಒಂದನ್ನು ಆರಿಸಿ, ಎನ್‌ಸಿಇಆರ್‌ಟಿ ಜಾಲತಾಣದಲ್ಲಿವೆ. ಭಾಷೆಯವರು ಭಾರತೀಯ ಭಾಷೆಗಳ ಬೋಧನೆಯದ್ದು, ಮುಖ್ಯೋಪಾಧ್ಯಾಯರು ಪರೀಕ್ಷಾ ಸುಧಾರಣೆಯದ್ದು. ಇಡೀ ಚೌಕಟ್ಟಿನ ಓದು ಡಯಟ್‌ನವರ (ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆಯವರ) ಕೆಲಸ.

ಓದುಮನೆ

ಮುಖ್ಯವಾದದ್ದೇ ಬಿಟ್ಟುಹೋಗುತ್ತಿದೆ, ಮಕ್ಕಳ ಪುಸ್ತಕಗಳು. ಶಿಕ್ಷಕರು ರಜೆಯಲ್ಲಿ ಹತ್ತು ಮಕ್ಕಳ ಪುಸ್ತಕ ಗಟ್ಟಿಯಾಗಿ ಓದಿರಬೇಕು. ಪಂಜೆ ಮಂಗೇಶರಾಯರ ಕಥೆ, ಹಾಡುಗಳು, ರಾಜರತ್ನಂ ಅವರ ಶಿಶುಗೀತೆಗಳು, ಬೊಳುವಾರು ಸಂಪಾದಿಸಿದ ತಟ್ಟು ಚಪ್ಪಾಳೆ ಪುಟ್ಟ ಮಗು, ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳು ನಾಲ್ಕು ಹಂತದಲ್ಲಿವೆ, ಮುಕ್ತ ಪರವಾನಗಿ ಇರುವುದರಿಂದ ಅಚ್ಚು ಹಾಕಿ ಹಂಚಲು ಅಡ್ಡಿಯಿಲ್ಲ.

ಆಯ್ಕೆ ಮಾಡುವಾಗ ಒಂದು ಪುಟ ಬಾಯಿಬಿಟ್ಟು ಓದಿ. ಉಸಿರು ಮಧ್ಯದಲ್ಲಿ ಸಿಕ್ಕಿಬಿದ್ದರೆ ವಾಕ್ಯ ಉದ್ದವಾಯಿತು, ಅನುವಾದದ ಕಥೆಗಳಲ್ಲಿ ಇದು ಹೆಚ್ಚು. ಎರಡನೇ ತರಗತಿಗಾದರೆ ಪ್ರತಿ ಸಾಲಿಗೆ ಎರಡು ಮೂರು ಒತ್ತಕ್ಷರ ಇರುವುದು ಓದಿಸಲು ಬೇಡ, ಓದಿ ಹೇಳಲು ಆಗಬಹುದು. ಕಥೆ ಮುಗಿದ ತಕ್ಷಣ "ಇದರಿಂದ ತಿಳಿಯುವ ನೀತಿ ಏನು?" ಅಂತ ಕೇಳಬೇಡಿ. ಕೇಳಿದರೆ ಮಕ್ಕಳು ಮುಂದಿನ ಸಲದಿಂದ ಕಥೆ ಕೇಳುವುದು ಬಿಟ್ಟು ನೀತಿ ಹುಡುಕಲು ಶುರು ಮಾಡುತ್ತಾರೆ. "ನಿನಗೆ ಯಾರು ಇಷ್ಟ ಆಗಲಿಲ್ಲ?" ಅಂತ ಕೇಳಿ, ಜಗಳವೇ ಆಗುತ್ತದೆ, ಆಗಲಿ.

ಬಹುವರ್ಗ_ಬೋಧನೆ

ಪುಸ್ತಕ ಬೀರುವಿನಿಂದ ಹೊರಬರುವುದೇ ಇಲ್ಲವಲ್ಲ, ಅದಕ್ಕೆ ಕಾರಣ ಸೋಮಾರಿತನ ಅಲ್ಲ. ಕಳೆದರೆ ಉಸ್ತುವಾರಿ ಶಿಕ್ಷಕರೇ ಕಟ್ಟಿಕೊಡಬೇಕಾದೀತು ಅನ್ನುವ ಭಯ. ಜೂನ್‌ನ ಮೊದಲ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲೇ "ಬಳಕೆಯಿಂದ ಹರಿದ, ಕಳೆದ ಪುಸ್ತಕಗಳನ್ನು ವರ್ಷದ ಕೊನೆಗೆ ಸಮಿತಿ ಪರಿಶೀಲಿಸಿ ಪಟ್ಟಿಯಿಂದ ತೆಗೆಯುವುದು" ಅಂತ ಠರಾವು ಬರೆಸಿ ಸಹಿ ಹಾಕಿಸಿ. ಆಮೇಲೆ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ಪಿನಲ್ಲಿ ಮೂವತ್ತು ನಲವತ್ತು ಪುಸ್ತಕ ಮಕ್ಕಳ ಕೈಗೆಟಕುವ ಎತ್ತರಕ್ಕೆ ತೂಗುಹಾಕಿ. ದಪ್ಪ ಪುಸ್ತಕಕ್ಕೆ ಕ್ಲಿಪ್ ಹಿಡಿಯುವುದಿಲ್ಲ, ಅವನ್ನು ಹಗ್ಗದ ಮೇಲೆ ಮಗುಚಿ ಹಾಕಿ.

ಸಿಆರ್‌ಪಿ_ಕಲ್ಪತರು

ಇಲ್ಲಿಯವರೆಗಿನದರಿಂದ ಹೀಗೆ ಮಾಡುತ್ತಿದ್ದೇನೆ. ಎಲ್ಲರಿಗೂ ಹಗಲುಗನಸು, ಮೂರು ಅಂಕಣದ ಹಾಳೆ ಸಮೇತ. ಒಂದರಿಂದ ಮೂರರವರಿಗೆ ಮಗುವಿನ ಭಾಷೆ ಮತ್ತು ಶಿಕ್ಷಕ, ಹತ್ತು ಚಿತ್ರದ ರಟ್ಟು. ನಾಲ್ಕರಿಂದ ಏಳರವರಿಗೆ ನಾಲ್ಕು ಲೆಕ್ಕ, ಬೆಂಕಿಕಡ್ಡಿ ಮಾದರಿ. ಭಾಷೆಯವರಿಗೆ ಚೀಟಿಯ ವಿಧಾನ. ಪ್ರತಿ ಶಾಲೆಗೆ ಊರುಕೇರಿ ಅಥವಾ ಗವರ್ನಮೆಂಟ್ ಬ್ರಾಹ್ಮಣ ಒಂದು. ತೊತ್ತೋ-ಚಾನ್ ಬೇಕಾದವರಿಗೆ. ಪುಸ್ತಕಗಳ ಪಿಡಿಎಫ್ ವಾಟ್ಸಾಪಿಗೆ ಹಾಕಿಬಿಡಲೇ?

ಓದುಮನೆ

ಹಾಕಬೇಡಿ. ಹಕ್ಕುಸ್ವಾಮ್ಯ ಇರುವ ಪುಸ್ತಕ ಹಂಚುವುದು ಸರಿಯಲ್ಲ. ಮುಕ್ತವಾಗಿ ಇರುವುದನ್ನೂ ರಾಶಿ ಹಾಕಿದರೆ ಯಾರೂ ತೆರೆಯುವುದಿಲ್ಲ, ಸ್ಕ್ಯಾನ್ ಮಾಡಿದ ಕನ್ನಡ ಪುಟ ಫೋನಿನಲ್ಲಿ ಕಣ್ಣಿಗೆ ಕಷ್ಟ. ನ್ಯಾಷನಲ್ ಬುಕ್ ಟ್ರಸ್ಟ್ ಪುಸ್ತಕಗಳು ಅಗ್ಗ, ಶಾಲೆಗೆ ಒಂದು ಪ್ರತಿ ಸಾಕು. ಕನ್ನಡ ಪುಸ್ತಕ ಪ್ರಾಧಿಕಾರದ ದೊಡ್ಡ ರಿಯಾಯಿತಿ ಬರುವುದು ನವೆಂಬರ್‌ನಲ್ಲಿ, ಈಗ ಅದಕ್ಕೆ ಕಾಯಬೇಡಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರದಲ್ಲಿ ಮೊದಲು ವಿಚಾರಿಸಿ. ಏಪ್ರಿಲ್ ಮೊದಲ ವಾರ, ರಜೆ ಶುರುವಾಗುವ ಮುಂಚೆಯೇ ಪುಸ್ತಕ ಕೈಗೆ ಸೇರಿರಬೇಕು. ಶಾಲೆ ಮುಚ್ಚಿದ ಮೇಲೆ ಎಲ್ಲರೂ ಊರಿಗೆ ಹೋಗಿರುತ್ತಾರೆ, ಆಮೇಲೆ ಬಂದ ಪಾರ್ಸೆಲ್ ಜೂನ್‌ವರೆಗೆ ಬಿಚ್ಚದೆ ಇರುತ್ತದೆ.

ಲೆಕ್ಕದ_ಸರ್_ಧಾರವಾಡ

ಮತ್ತ ಆ ನಾಲ್ಕು ಲೆಕ್ಕದ ಹಾಳಿ ರಜಾ ಬಿಡೋ ದಿನಾನೇ ಬರೆಸಿ, ಲಕೋಟಿಯೊಳಗ ಹಾಕಿ ಅಂಟಿಸಿ ನಿಮ್ಮ ಕಡೆ ಇಟಗೋರಿ. ಜೂನ್ ಸಮಾಲೋಚನಾ ಸಭೆಯೊಳಗ ಅವರವರದ್ದು ಅವರವರಿಗೇ ತಿರುಗಿ ಕೊಡ್ರಿ. ಹೆಸರು ಬರೆಸಬ್ಯಾಡ್ರಿ, ಬರೇ ಒಂದು ಗುರುತು ಸಾಕು. ಹೆಸರು ಹಾಕ್ರಿ ಅಂದ್ರ ಯಾರೂ ಖರೆ ಬರೆಯೂದಿಲ್ಲ, ಗೈಡ್ ನೋಡಿ ಬರೀತಾರ.